ಯಾವ ಪಟ್ಟು ಕಲಿಯೋಣ?



ಮೊನ್ನೆ ವಿಜಯಪುರದ ಸಭೆಯಲ್ಲಿ ಹಾಸ್ಟೆಲ್ ಹುಡುಗಿಯರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಕರಾಟೆ ಕಲೀಬೇಕೋ, ಜೂಡೋ ಕಲೀಬೇಕೋ, ಕುಸ್ತಿ ಕಲೀಬೇಕೋ, ನೀವ ಹೇಳ್ರಿ ಅಣ್ಣಾರ." ಭಾಷಣ ಬಲ್ಲ ನಮಗೆ ಉತ್ತರ ಬರಲಿಲ್ಲ. ನಮ್ಮ ಸಂಗಾತಿಯೊಬ್ಬ "ಓಬವ್ವನ ಒನಕೆ ಹಿಡೀರಿ" ಅಂದ. ಚಪ್ಪಾಳೆ ಬಿತ್ತು. ಕೇಳಿದ ಹುಡುಗಿಯರು ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಅವರು ಯಾಕೆ ಕೇಳಿದರು ಎಂಬುದು ನಮಗೆ ಗೊತ್ತು. ತಿಕೋಟಾದಿಂದ, ಬಬಲೇಶ್ವರದಿಂದ ಮುಂಜಾನೆ ಬಸ್ಸು ಹತ್ತಿ ಕಾಲೇಜಿಗೆ ಬರುವವರು ಅವರು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡಿಲ್ಲ, ಅವ್ವನ ಕೂಲಿಯಲ್ಲಿ ಅಷ್ಟು ಉಳಿಯಿತು. ಬಸ್ಸಿನೊಳಗಿನ ಕೈಗಳು ಮಾತ್ರ ಬದಲಾಗಲಿಲ್ಲ. ಇಳಿದ ಮೇಲೆ ಊರ ಹೊರಗಿನ ಕೇರಿತನಕ ನಡೆಯುವ ದಾರಿ ಬೇರೆ.

ಓಬವ್ವ ನಮ್ಮವಳು. ಚಿತ್ರದುರ್ಗದ ಕೋಟೆಯಲ್ಲಿ ಕಹಳೆ ಊದುತ್ತಿದ್ದವನ ಹೆಂಡತಿ, ಛಲವಾದಿ ಹೆಣ್ಣುಮಗಳು. 2021ರಿಂದ ಸರಕಾರವೂ ನವೆಂಬರ್ 11ಕ್ಕೆ ಅವಳ ಜಯಂತಿ ಮಾಡುತ್ತದೆ. ಆದರೆ ಅವಳ ಕಥೆಯನ್ನು ಸರಿಯಾಗಿ ಓದಬೇಕು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಬೇಕಾಗಿತ್ತು. ಅವಳ ಕೈಯಲ್ಲಿದ್ದದ್ದು ದಿನಾ ಕುಟ್ಟಿ ಕುಟ್ಟಿ ಪಳಗಿದ ಒನಕೆ. ಅವತ್ತೇ ಮೊದಲ ಸಲ ಹಿಡಿದ ಕತ್ತಿಯಲ್ಲ. ದಿನಾ ರೂಢಿ ಇದ್ದದ್ದು ಮಾತ್ರ ಆಪತ್ತಿಗೆ ಕೈಗೆ ಬರುತ್ತದೆ. ಕಲೆಯ ಹೆಸರು ಆಮೇಲಿನ ಮಾತು.

2022ರಲ್ಲಿ ಸಮಾಜ ಕಲ್ಯಾಣ ಇಲಾಖೆ ವಸತಿ ಶಾಲೆ, ಹಾಸ್ಟೆಲ್ ಹುಡುಗಿಯರಿಗೆ ಓಬವ್ವನ ಹೆಸರಿನಲ್ಲೇ ಆತ್ಮರಕ್ಷಣೆಯ ತರಬೇತಿ ತಂದಿತು. ಸಮಗ್ರ ಶಿಕ್ಷಣದಲ್ಲಿ ಶಾಲೆ ಹುಡುಗಿಯರಿಗೆ ಮೂರು ತಿಂಗಳ ತರಬೇತಿ ಇದೆ. ಬೇಡ ಎನ್ನುವುದಿಲ್ಲ. ಆದರೆ ಮೂರು ತಿಂಗಳು ಒನಕೆ ಹಿಡಿದು ಆಮೇಲೆ ಅಟ್ಟಕ್ಕೆ ಇಟ್ಟರೆ ಏನು ಬಂತು?

ಈಗ ಕೇಳಿದ ಪ್ರಶ್ನೆಗೆ ಬರೋಣ. ಕರಾಟೆಗೆ ಚಾಪೆ ಬೇಡ, ಹಾಸ್ಟೆಲ್ ಅಂಗಳ ಸಾಕು. ಕಾಲಿಗೆ ಕಸುವು, ಉಸಿರಿಗೆ ಹಿಡಿತ ಬರುತ್ತದೆ. ಗಂಟಲಿನಿಂದ ಕೂಗುವುದನ್ನು ಕಲಿಸುತ್ತದೆ. "ಮೆತ್ತಗ ಮಾತಾಡವಾ" ಅಂತ ಹುಟ್ಟಿದಾಗಿನಿಂದ ಕೇಳಿಸಿಕೊಂಡ ಹುಡುಗಿಗೆ ಇದೇ ಅರ್ಧ ಲಾಭ. ಆದರೆ ಗಾಳಿಯಲ್ಲಿ ಗುದ್ದುವುದನ್ನೇ ವರ್ಷಗಟ್ಟಲೆ ಮಾಡಿಸಿ ಬೆಲ್ಟು ಹಂಚುವ ಮಾಸ್ತರರಿದ್ದಾರೆ. ಟೇಕ್ವಾಂಡೋದಲ್ಲಿ ಒದೆಯೇ ಹೆಚ್ಚು. ಕಾಲೂರಲು ಜಾಗವಿಲ್ಲದ ಬಸ್ಸಿನಲ್ಲಿ ಎಲ್ಲಿ ಒದೆಯುತ್ತೀರಿ? ಕೆಡುಕ ಕೈಹಾಕುವುದು ರಟ್ಟೆಗೆ, ಜಡೆಗೆ, ಸೊಂಟಕ್ಕೆ. ಹತ್ತಿರ ಬಂದವನ ಹಿಡಿತ ಬಿಡಿಸುವುದು ಜೂಡೋದಲ್ಲಿದೆ, ಕುಸ್ತಿಯಲ್ಲಿದೆ. 1882ರಲ್ಲಿ ಜಪಾನಿನ ಕಾನೋ ಜಿಗೋರೋ ಕಟ್ಟಿದ ಜೂಡೋದಲ್ಲಿ ಮೊದಲ ಪಾಠವೇ ಪೆಟ್ಟಾಗದಂತೆ ಬೀಳುವುದು. ಫರಸಿ ಮೇಲೆ ಅದನ್ನು ಕಲಿಯಲು ಹೋದರೆ ಹೆಗಲು ಮುರಿಯುತ್ತದೆ, ಚಾಪೆ ಬೇಕೇ ಬೇಕು. ಕುಸ್ತಿಗೆ ನಮ್ಮ ಸೀಮೆಯಲ್ಲಿ ಗರಡಿ ಇದೆ, ಕೆಮ್ಮಣ್ಣಿದೆ. ಆದರೆ ಹೆಣ್ಣು ಕಾಲಿಟ್ಟರೆ ಮೈಲಿಗೆ ಎನ್ನುವ ಗರಡಿಗಳು ಎಷ್ಟಿಲ್ಲ! ಈ ಮಾತು ನಮ್ಮ ಕೇರಿಗೆ ಹೊಸದಲ್ಲ.

ಆದ್ದರಿಂದ ನಾವು ಹೇಳುವುದು ಇಷ್ಟು. ಕರಾಟೆ ಮಾಸ್ತರು ಸಿಕ್ಕರೆ ಕರಾಟೆ ಕಲೀರಿ, ಆದರೆ ವಾರಕ್ಕೊಂದು ದಿನ ಜೋಡಿಯಾಗಿ ನಿಂತು, ಗೆಳತಿ ನಿಜವಾಗಿ ಬಿಗಿಹಿಡಿದಾಗ ಬಿಡಿಸಿಕೊಂಡು ಓಡುವುದನ್ನು ಕಲಿಸಿರಿ ಅಂತ ಹಟ ಹಿಡೀರಿ. ಚಾಪೆ ಬಂದ ದಿನ ಜೂಡೋಕ್ಕೆ ಹೋಗಿರಿ. ಕಲಿಸುವವರು ಹೆಣ್ಣುಮಕ್ಕಳಾಗಲಿ. ಗಂಡಸು ಮಾಸ್ತರಾದರೆ ಒಂಟಿಯಾಗಿ ಕರೆದು ಕಲಿಸುವ ಪದ್ಧತಿ ಬೇಡ.

ಇನ್ನೊಂದು ಮಾತು, ಅನ್ನದ್ದು. 2019-20ರ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರು ಹೆಣ್ಣುಮಕ್ಕಳಲ್ಲಿ 48ರ ಆಸುಪಾಸು ಮಂದಿಗೆ ರಕ್ತ ಕಡಿಮೆ. ರೊಟ್ಟಿಗೆ ಬೇಳೆ ಇಲ್ಲ, ತಟ್ಟೆಗೆ ತತ್ತಿ ಇಲ್ಲ ಅಂದಮೇಲೆ ಯಾವ ಪಟ್ಟು ನಿಲ್ಲುತ್ತದೆ?

ಕಲಿತರೆ ಉಪಯೋಗ ಐತೇನು ಅಂತ ಕೇಳುವವರಿಗೆ ಕೆನಡಾದ ಲೆಕ್ಕ ಹೇಳುತ್ತೇವೆ. ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹನ್ನೆರಡು ತಾಸಿನ ತರಬೇತಿ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೊಳಗಾದವರು ನೂರಕ್ಕೆ 5.2. ಬರೀ ಕರಪತ್ರ ಕೊಟ್ಟವರಲ್ಲಿ 9.8. ಅಲ್ಲಿ ಕಲಿಸಿದ್ದು ಹೊಡೆತ ಮಾತ್ರವಲ್ಲ. ಪರಿಚಯದವನೇ ಕೆಡುಕನಾಗುವುದನ್ನು ಮೊದಲೇ ಗುರುತಿಸುವುದು, "ಅಂವ ಏನ ತಿಳ್ಕೊತಾನೋ" ಎಂಬ ಹಿಂಜರಿಕೆ ಬಿಡುವುದು.

ಆದರೂ 9.8 ಇದ್ದದ್ದು ಸೊನ್ನೆ ಆಗಲಿಲ್ಲ. 2017ರ ಡಿಸೆಂಬರಿನಲ್ಲಿ ಇದೇ ವಿಜಯಪುರದಲ್ಲಿ ನಮ್ಮ ಶಾಲೆಯ ಕೂಸೊಂದು ಅತ್ಯಾಚಾರಕ್ಕೊಳಗಾಗಿ ಕೊಲೆಯಾಯಿತು. "ಕರಾಟೆ ಬಂದಿದ್ರ ಉಳೀತಿತ್ತು" ಅಂದವರನ್ನು ನಾವು ಕಂಡಿದ್ದೇವೆ. ಆ ಮಾತು ಬಾಯಿಗೆ ಬರಬಾರದು. 2023ರ ಜನವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತವರು ಯಾರು? ಒಲಿಂಪಿಕ್ ಪದಕ ಗೆದ್ದ ಸಾಕ್ಷಿ ಮಲಿಕ್ ಅಂಥ ಕುಸ್ತಿಪಟುಗಳು. ಅವರ ದೂರು ಕುಸ್ತಿ ಫೆಡರೇಷನ್ನಿನ ಅಧ್ಯಕ್ಷನ ಮೇಲೆಯೇ ಇತ್ತು. ರಟ್ಟೆಯ ಬಲ ಕಡಿಮೆಯಿತ್ತೇನು ಅವರಿಗೆ? ಅಧಿಕಾರದ ಎದುರು ಅವರೂ ಗುಂಪಾಗಿ ಬೀದಿಯಲ್ಲಿ ಕೂರಬೇಕಾಯಿತು.

"ತಿರುಗಿ ಹೊಡದ್ರ ನಮ್ಮ ಮ್ಯಾಲೇ ಕೇಸು ಹಾಕ್ತಾರ" ಎಂಬ ಅಂಜಿಕೆ ಸುಳ್ಳಲ್ಲ. ದೌರ್ಜನ್ಯದ ದೂರಿಗೆ ಪ್ರತಿದೂರು ಬರುವುದನ್ನು ನಾವು ಬಲ್ಲೆವು. ಆದರೆ ಕಾಯ್ದೆ ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ಕಲಮುಗಳು ಮೈ ಕಾಪಾಡಿಕೊಳ್ಳುವ ಹಕ್ಕು ಕೊಡುತ್ತವೆ. ಬಿಡಿಸಿಕೊಳ್ಳಲು ಬೇಕಾದಷ್ಟು ಹೊಡೆಯಬಹುದು, ಓಡುವವನನ್ನು ಬೆನ್ನಟ್ಟಿ ಬಡಿಯುವುದಕ್ಕೆ ಈ ಹಕ್ಕಿಲ್ಲ. ಪರಿಶಿಷ್ಟ ಹೆಣ್ಣುಮಗಳನ್ನು ಆಕೆಯ ಒಪ್ಪಿಗೆಯಿಲ್ಲದೆ, ಆಕೆಯ ಜಾತಿ ಗೊತ್ತಿದ್ದೂ ಲೈಂಗಿಕ ಉದ್ದೇಶದಿಂದ ಮುಟ್ಟಿದ ಮೇಲ್ಜಾತಿಯವನ ಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆ ಬೀಳುತ್ತದೆ. 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿ ಇದನ್ನು ಬಿಡಿಸಿ ಹೇಳಿದೆ. ಬಸ್ಸಿನಲ್ಲಾದರೆ ಕೂಗಿರಿ, ಬಸ್ಸು ನಿಲ್ಲಿಸಿರಿ, 112ಕ್ಕೆ ಫೋನ್ ಹಚ್ಚಿರಿ.

ಹಾಸ್ಟೆಲ್ ಹುಡುಗರಿಗೂ ಒಂದು ಮಾತಿದೆ. ತಂಗಿ ಕರಾಟೆ ಕಲಿಯಲಿ ಅಂತ ಹೇಳಿ ನೀವು ಕೈಕಟ್ಟಿ ಕೂರಬೇಡಿ. ಬಸ್ಸಿನಲ್ಲಿ ಒಬ್ಬಳು ಕೂಗಿದಾಗ ಮೊದಲು ಏಳುವವರು ನೀವಾಗಿರಿ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಸೀಟಿ ಹೊಡೆಯುವವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ನಾವಿಲ್ಲಿ ಮುಚ್ಚಿಡುವುದಿಲ್ಲ.

ವರ್ಷಪೂರ್ತಿ ತರಬೇತಿ, ಹೆಣ್ಣು ತರಬೇತುದಾರರು, ಪ್ರತಿ ಹಾಸ್ಟೆಲ್ಲಿಗೆ ಜೂಡೋ ಚಾಪೆ, ತರಬೇತಿ ದಿನ ತತ್ತಿ ಮತ್ತು ಹಾಲು, ಕತ್ತಲಾದ ಮೇಲೆ ತಿಕೋಟಾ, ಬಬಲೇಶ್ವರಕ್ಕೆ ಹೋಗುವ ಬಸ್ಸು ಕೇರಿಯ ಹತ್ತಿರ ನಿಲ್ಲುವುದು. ಇವಿಷ್ಟನ್ನು ಬರೆದ ಮನವಿಯ ಪ್ರತಿ ಈ ಪತ್ರಿಕೆ ಮಾರುವವರ ಕೈಯಲ್ಲಿದೆ. ಮೊದಲ ಸಹಿಗಳು ಪ್ರಶ್ನೆ ಕೇಳಿದ ಹುಡುಗಿಯರವು. ಅದರ ಕೆಳಗೆ ಜಾಗ ಬಿಟ್ಟಿದ್ದೇವೆ.