ಚೀಟಿ ಎತ್ತಿ ಗೊತ್ತು ಮಾಡುವ ಎದುರಾಳಿ

ಟೆನಿಸ್‌ಗೆ ಬಂದರು, ಬ್ಯಾಸ್ಕೆಟ್‌ಬಾಲ್‌ಗೆ ಬಂದರು, ಬಾಕ್ಸಿಂಗ್‌ಗೆ ಮಾತ್ರ ವೃತ್ತಿಪರರು ಯಾಕೆ ಬರಬಾರದು? ಒಲಿಂಪಿಕ್ಸ್ ಹತ್ತಿರವಾದಾಗಲೆಲ್ಲ ಕೇಳಿಬರುವ ಮಾತು ಇದು. 2016ರ ಜೂನ್ 1ರಂದು ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ‘ಐಬಾ’ ಇದಕ್ಕೆ ಉತ್ತರ ಕೊಟ್ಟೇಬಿಟ್ಟಿತು. ಲುಸಾನ್‌ನಲ್ಲಿ ಸೇರಿದ್ದ 88 ಪ್ರತಿನಿಧಿಗಳಲ್ಲಿ 84 ಮಂದಿ ವೃತ್ತಿಪರರಿಗೆ ಬಾಗಿಲು ತೆರೆಯಲು ಒಪ್ಪಿದರು. ರಿಯೊ ಕೂಟಕ್ಕೆ ಆಗ ಉಳಿದಿದ್ದದ್ದು ಎರಡೇ ತಿಂಗಳು. ಜಗತ್ತಿನ ಅತ್ಯುತ್ತಮ ಆಟಗಾರರೆಲ್ಲ ಒಲಿಂಪಿಕ್ಸ್‌ನಲ್ಲಿ ಇರಬೇಕೆಂಬುದು ಅವರ ವಾದ. ಬೇರೆ ಆಟಗಳಿಗೆ ಸಲ್ಲುವ ಈ ವಾದ ಬಾಕ್ಸಿಂಗ್‌ಗೆ ಸಲ್ಲುವುದಿಲ್ಲ.

1992ರ ಬಾರ್ಸಿಲೋನಾ ಕೂಟವನ್ನೇ ನೋಡಿ. ಎನ್‌ಬಿಎ ತಾರೆಯರೇ ತುಂಬಿದ್ದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಮೊದಲ ಪಂದ್ಯದಲ್ಲಿ ಅಂಗೋಲವನ್ನು 116–48ರಿಂದ ಸೋಲಿಸಿತು. ಅಂತರ 68 ಅಂಕ. ಅಷ್ಟು ದೊಡ್ಡ ಸೋಲಾದರೂ ಅಂಗೋಲದ ಆಟಗಾರರು ಕಳೆದುಕೊಂಡದ್ದು ಒಂದು ಪಂದ್ಯವನ್ನು ಮಾತ್ರ. ಅದೇ ಅಂತರದ ಇಬ್ಬರನ್ನು ರಿಂಗಿನೊಳಗೆ ನಿಲ್ಲಿಸಿದರೆ ಆ ಅಂತರ ಫಲಕದ ಮೇಲೆ ಅಂಕವಾಗಿ ನಿಲ್ಲುವುದಿಲ್ಲ. ಸೋಲುವವನ ಮಿದುಳಿಗೆ ಬೀಳುವ ಏಟುಗಳಾಗುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಬುಟ್ಟಿಗೆ ಬೀಳಬೇಕು. ಬಾಕ್ಸಿಂಗ್‌ನಲ್ಲಿ ಏಟು ಎದುರಿನವನ ತಲೆಗೆ ಬೀಳಬೇಕು, ಆಟದ ಗುರಿಯೇ ಅದು. ಈ ವ್ಯತ್ಯಾಸವನ್ನು ಮರೆತು ಆಡುವ ಹೋಲಿಕೆಗೆ ಬೆಲೆಯಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಒಂದು ಸೆಣಸು ಗೊತ್ತಾಗುವ ಮುಂಚೆ ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ. ಎಷ್ಟು ತೂಕ, ಎಷ್ಟು ಸುತ್ತು, ಯಾವ ಗ್ಲೌಸ್, ಯಾವ ಊರು, ಎಷ್ಟು ಹಣ ಎಂಬುದೆಲ್ಲ ಕರಾರಿನಲ್ಲಿ ಇರುತ್ತದೆ. ಹೊಸ ಹುಡುಗನನ್ನು ಅನುಭವಿಯ ಮುಂದೆ ನಿಲ್ಲಿಸುವ ಮೊದಲು ತರಬೇತುದಾರ ನೂರು ಸಲ ಯೋಚಿಸುತ್ತಾನೆ, ಬೇಡವೆನಿಸಿದರೆ ಒಲ್ಲೆ ಎನ್ನುತ್ತಾನೆ. ಒಲಿಂಪಿಕ್ಸ್‌ನಲ್ಲಿ ಎದುರಾಳಿಯನ್ನು ಗೊತ್ತು ಮಾಡುವುದು ಚೀಟಿ. ಹತ್ತೊಂಬತ್ತರ ಹುಡುಗನಿಗೆ ಹತ್ತು ವರ್ಷ ವೃತ್ತಿಯಲ್ಲಿ ಪಳಗಿದವನ ಹೆಸರು ಬಂದರೆ ಅವನಿಗಿರುವುದು ಎರಡೇ ದಾರಿ: ರಿಂಗಿಗೆ ಇಳಿಯಬೇಕು, ಇಲ್ಲವೇ ನಾಲ್ಕು ವರ್ಷದ ದುಡಿಮೆಯನ್ನು ಬಿಟ್ಟು ಮನೆಗೆ ಹೋಗಬೇಕು. ಇದನ್ನು ಒಪ್ಪಿಗೆ ಎನ್ನಲಾಗದು.

ನನ್ನ ನಿಲುವಿಗೆ ಎದುರಾಗಿರುವ ವಾದಗಳಲ್ಲಿ ಎರಡಕ್ಕೆ ನಿಜವಾದ ತೂಕವಿದೆ. ಮೊದಲನೆಯದು ಹಣದ್ದು. ಹವ್ಯಾಸಿ ಎಂಬ ಪಟ್ಟವೇ ಸೋಗು ಎನ್ನುವವರ ಮಾತು ಸುಳ್ಳಲ್ಲ. 1972, 1976, 1980ರಲ್ಲಿ ಸತತ ಮೂರು ಚಿನ್ನ ಗೆದ್ದ ಕ್ಯೂಬಾದ ಟಿಯೊಫಿಲೊ ಸ್ಟೀವನ್‌ಸನ್ ವೃತ್ತಿಪರನಾಗಲು ಬಂದ ದೊಡ್ಡ ಮೊತ್ತದ ಆಹ್ವಾನವನ್ನು ತಿರಸ್ಕರಿಸಿದ. ಆದರೆ ಅವನಿಗೂ ಬಾಕ್ಸಿಂಗೇ ಪೂರ್ಣಾವಧಿ ಕೆಲಸ, ಸಾಕಿದ್ದು ಸರ್ಕಾರ. ನಮ್ಮ ಬಾಕ್ಸರ್‌ಗಳೂ ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳ ಸಂಬಳದ ಆಸರೆಯಲ್ಲೇ ಬೆಳೆದವರು. ಹಾಗಾಗಿ ದುಡ್ಡು ಪಡೆದವನು ಹೊರಗೆ, ಪಡೆಯದವನು ಒಳಗೆ ಎಂಬ ಹಳೆಯ ಗೆರೆಯನ್ನು ನಾನೂ ಒಪ್ಪುವುದಿಲ್ಲ. ಉಳ್ಳವರು ಹಾಕಿದ ಗೆರೆ ಅದು. ಹೊಟ್ಟೆಪಾಡಿಗಾಗಿ ಗ್ಲೌಸ್ ತೊಟ್ಟವನನ್ನು ಅದು ಅವಮಾನಿಸುತ್ತದೆ.

ಎರಡನೆಯದು ಅನುಭವದ ವಾದ: ರಿಯೊದಲ್ಲಿ ಯಾರಿಗೇನಾಯಿತು? ಅಲ್ಲಿಗೆ ಬಂದ ವೃತ್ತಿಪರರು ಮೂವರೇ. ಕ್ಯಾಮರೂನಿನ ಹಸನ್ ಎನ್‌ದಾಮ್ ಮೊದಲ ಸೆಣಸಿನಲ್ಲೇ ಬ್ರೆಜಿಲ್‌ನ ಹವ್ಯಾಸಿಗೆ ಸೋತ. ಥಾಯ್ಲೆಂಡಿನ ಅಮ್ನಾತ್ ರುಯೆನ್ರೊಯೆಂಗ್, ಇಟಲಿಯ ಕಾರ್ಮಿನೆ ತೊಮ್ಮಾಸೋನೆ ಇಬ್ಬರೂ ಪದಕದ ಹತ್ತಿರ ಸುಳಿಯಲಿಲ್ಲ. ನಿಜ. ಆದರೆ ಅಮ್ನಾತ್ ವೃತ್ತಿಯಲ್ಲಿ ವಿಶ್ವ ಪಟ್ಟ ಗೆದ್ದಿದ್ದು 51 ಕೆ.ಜಿ.ಯೊಳಗಿನ ಫ್ಲೈವೇಟ್‌ನಲ್ಲಿ, ರಿಯೊದಲ್ಲಿ ಇಳಿದದ್ದು 60 ಕೆ.ಜಿ. ವಿಭಾಗದಲ್ಲಿ. ಎನ್‌ದಾಮ್ ಕೂಡ ತನ್ನ ತೂಕ ಬಿಟ್ಟು ಮೇಲಿನ ವಿಭಾಗಕ್ಕೆ ಹೋಗಿದ್ದ. ಇವರ ಸೋಲು ಸಾಬೀತು ಮಾಡುವುದು ಬಹಳ ಕಡಿಮೆ. ಟೋಕಿಯೊದಲ್ಲಿ ಪುರುಷರ ಫೆದರ್‌ವೇಟ್ ಫೈನಲ್‌ನಲ್ಲಿ ಎದುರುಬದುರಾದವರು ಇಬ್ಬರೂ ವೃತ್ತಿಪರರೇ: ಚಿನ್ನ ಗೆದ್ದ ರಷ್ಯಾದ ಆಲ್ಬರ್ಟ್ ಬತಿರ್‌ಗಜೀವ್, ಬೆಳ್ಳಿ ಗೆದ್ದ ಅಮೆರಿಕದ ಡ್ಯೂಕ್ ರೇಗನ್. ಆದರೆ ಇಬ್ಬರೂ ವೃತ್ತಿಯಲ್ಲಿ ಆಗಷ್ಟೇ ಕಾಲಿಟ್ಟವರು, ಹಾಗಾಗಿ ಪಳಗಿದವರ ಬಗ್ಗೆ ಇವರ ಪದಕಗಳೂ ಹೆಚ್ಚೇನೂ ಹೇಳವು.

ವೃತ್ತಿಯ ಪಳಗುವಿಕೆ ಏನು ಮಾಡಬಲ್ಲುದು ಎಂಬುದಕ್ಕೆ ನಾನು ವಾಸಿಲ್ ಲೊಮಚೆಂಕೊನತ್ತ ತಿರುಗುತ್ತೇನೆ. 2008, 2012ರಲ್ಲಿ ಎರಡು ಚಿನ್ನ. ಹವ್ಯಾಸಿ ಬದುಕಿನಲ್ಲಿ ಸುಮಾರು ನಾನೂರು ಸೆಣಸು, ಸೋಲು ಒಂದೇ. ಉಕ್ರೇನಿನ ಈ ಬಾಕ್ಸರ್‌ನ ಕಾಲ್ಚಳಕಕ್ಕೆ ಸಾಟಿ ಇರಲಿಲ್ಲ. 2014ರ ಮಾರ್ಚ್‌ನಲ್ಲಿ, ವೃತ್ತಿಪರನಾಗಿ ತನ್ನ ಎರಡನೆಯ ಸೆಣಸಿನಲ್ಲೇ, ಅವನು ಮೆಕ್ಸಿಕೊದ ಒರ್ಲಾಂಡೊ ಸಲಿಡೊನ ಎದುರು ನಿಂತ. ಸಲಿಡೊ ಆ ಹೊತ್ತಿಗೆ ಹನ್ನೆರಡು ಬಾರಿ ಸೋತು ಎದ್ದವನು, ಅಂದು ತೂಕದ ಮಿತಿಯನ್ನೂ ಮೀರಿದ್ದವನು. ಸೊಂಟದ ಕೆಳಗೆ ಏಟು, ತೆಕ್ಕೆ ಹಾಕಿ ತಡೆಯುವುದು, ಮೈಮೇಲೆ ಒರಗಿ ದಣಿಸುವುದು, ಹೀಗೆ ರೆಫರಿಯ ಕಣ್ಣಳತೆಯ ಅಂಚಿನಲ್ಲಿ ಮಾಡಬಹುದಾದದ್ದನ್ನೆಲ್ಲ ಮಾಡಿ ಹನ್ನೆರಡು ಸುತ್ತಿನ ಕೊನೆಗೆ ಗೆದ್ದ. ಜಗತ್ತಿನ ಶ್ರೇಷ್ಠ ಹವ್ಯಾಸಿಗೆ ಗೊತ್ತಿಲ್ಲದ ಒಂದು ವಿದ್ಯೆ ಅವನಲ್ಲಿತ್ತು. ಲೊಮಚೆಂಕೊ ಕರಾರಿಗೆ ಸಹಿ ಹಾಕಿ, ತಾನೇ ಬಯಸಿ ಅಲ್ಲಿಗೆ ಹೋದ. ಆ ಪಾಠಕ್ಕೆ ಬೇಕಾದ ಮೈಬಲ, ತಂಡ ಅವನಿಗಿತ್ತು. ಅದೇ ವಿದ್ಯೆಯನ್ನು ಮೂರು ಸುತ್ತಿನ ಆಟಕ್ಕೆ ಮಾತ್ರ ತಯಾರಾದ, ಸಣ್ಣ ದೇಶವೊಂದರ ಹುಡುಗನ ಮೇಲೆ ಚೀಟಿಯ ಬಲದಿಂದ ಪ್ರಯೋಗಿಸುವುದು ನ್ಯಾಯವಲ್ಲ.

ಟಿವಿ ನೋಡುವವರು ಹೆಚ್ಚುತ್ತಾರೆ ಎಂಬ ಇನ್ನೊಂದು ವಾದವಿದೆ. ಆಟಗಾರನ ತಲೆಯನ್ನು ಜಾಹೀರಾತಿನ ಲೆಕ್ಕದಲ್ಲಿ ತೂಗುವ ಆ ವಾದಕ್ಕೆ ಉತ್ತರ ಬೇಕಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ನಿಯಮಗಳನ್ನು ಮತ್ತೆ ಮತ್ತೆ ಬದಲಿಸಿದ ಐಬಾ ಮುಖ್ಯ ರೋಗಕ್ಕೆ ಕೈಹಾಕಲೇ ಇಲ್ಲ. ಆ ರೋಗ ಇರುವುದು ತೀರ್ಪಿನಲ್ಲಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಎದುರಾಳಿಗಿಂತ ಎರಡು ಪಟ್ಟಿಗೂ ಹೆಚ್ಚು ಏಟು ಹೊಡೆದು 3–2ರಲ್ಲಿ ಸೋತ. ಕೂಟದ ಶ್ರೇಷ್ಠ ಬಾಕ್ಸರ್ ಪ್ರಶಸ್ತಿ ಮಾತ್ರ ಅವನಿಗೇ ಬಂತು. ಆ ಹಗರಣದ ನಂತರ ಗುಂಡಿ ಒತ್ತುವ ಕಂಪ್ಯೂಟರ್ ಲೆಕ್ಕ ಬಂತು. 2013ರಲ್ಲಿ ಅದನ್ನು ತೆಗೆದು ವೃತ್ತಿಪರರ ಹತ್ತು ಅಂಕದ ಪದ್ಧತಿ ತಂದರು. 1984ರಿಂದ ಒಲಿಂಪಿಕ್ಸ್‌ನಲ್ಲಿದ್ದ ಹೆಡ್‌ಗಾರ್ಡನ್ನೂ ಅದೇ ವರ್ಷ ಪುರುಷರ ತಲೆಯಿಂದ ಇಳಿಸಿದರು. ಅದಿಲ್ಲದಿದ್ದರೆ ಮಿದುಳಿಗೆ ಪೆಟ್ಟು ಕಡಿಮೆ ಎಂಬುದು ಅವರ ಸಮರ್ಥನೆ. ಅದು ಸರಿಯೆಂದೇ ಇಟ್ಟುಕೊಂಡರೂ, ಹುಬ್ಬು ಸೀಳಿದವನು ಎರಡು ಮೂರು ದಿನದಲ್ಲಿ ಮತ್ತೆ ಕಣಕ್ಕಿಳಿಯಬೇಕಾದ ಕೂಟ ಇದೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಷ್ಟೆಲ್ಲ ಆದಮೇಲೂ ರಿಯೊದಲ್ಲಿ ಐರ್ಲೆಂಡಿನ ಮೈಕಲ್ ಕಾನ್ಲನ್ ಸೋತದ್ದನ್ನು ಕಂಡವರು ದಂಗಾದರು. ಅವನನ್ನು ಸೋಲಿಸಿದವನು ಏಟು ತಿಂದು ಸೆಮಿಫೈನಲ್‌ಗೆ ಇಳಿಯಲೇ ಇಲ್ಲ. ರಿಯೊದಲ್ಲಿ ತೀರ್ಪುಗಳನ್ನು ತಿರುಚಲಾಗಿತ್ತೆಂದು ರಿಚರ್ಡ್ ಮೆಕ್‌ಲಾರೆನ್ ನೇತೃತ್ವದ ತನಿಖೆ 2021ರಲ್ಲಿ ಹೇಳಿತು. ಅಷ್ಟರಲ್ಲಿ ಒಲಿಂಪಿಕ್ ಸಮಿತಿ ಐಬಾವನ್ನು ಅಮಾನತು ಮಾಡಿತ್ತು. 2023ರಲ್ಲಿ ಮಾನ್ಯತೆಯನ್ನೇ ಕಿತ್ತುಕೊಂಡಿತು. ಯಾರು ಆಡಬೇಕು, ಏನು ತೊಟ್ಟು ಆಡಬೇಕು ಎಂದು ನಿಯಮ ಬರೆದವರು, ಯಾರು ಗೆದ್ದರೆಂದು ಪ್ರಾಮಾಣಿಕವಾಗಿ ಹೇಳುವ ವ್ಯವಸ್ಥೆಯನ್ನು ಕಟ್ಟಲಿಲ್ಲ.

ಹಾಗಾದರೆ ಗೆರೆ ಎಲ್ಲಿರಬೇಕು? ಹಣದ ಮೇಲೆ ಬೇಡ, ಅನುಭವದ ಮೇಲೆ ಇರಲಿ. ಇಷ್ಟು ವೃತ್ತಿಪರ ಸುತ್ತುಗಳನ್ನು ಮೀರಿದವರು ಒಲಿಂಪಿಕ್ಸ್‌ಗೆ ಇಲ್ಲ ಎಂಬ ಮಿತಿ ಸಾಕು. ವೃತ್ತಿಯಲ್ಲಿ ಎರಡು ಸೆಣಸು ಮುಗಿಸಿ ಟೋಕಿಯೊಗಾಗಿ ಮರಳಿದ ನಮ್ಮ ವಿಕಾಸ್ ಕೃಷನ್‌ನಂಥವರಿಗೆ ಇದರಿಂದ ಅನ್ಯಾಯವಾಗದು. ಹತ್ತು ವರ್ಷ ದೊಡ್ಡ ರಿಂಗಿನಲ್ಲಿ ಪಳಗಿದವನಿಗೂ ನಷ್ಟವಿಲ್ಲ. ಅವನಿಗೆ ಪಟ್ಟಗಳಿವೆ, ಹಣವಿದೆ, ಅವನದೇ ಪ್ರೇಕ್ಷಕರಿದ್ದಾರೆ. ಜಿಲ್ಲೆಯೊಂದರ ಮುರುಕು ಜಿಮ್‌ನಿಂದ ಎದ್ದು ಬರುವ ಹುಡುಗ ಹುಡುಗಿಯರಿಗೆ ಜಗತ್ತು ತಿರುಗಿ ನೋಡುವ ವೇದಿಕೆ ಒಲಿಂಪಿಕ್ಸ್ ಒಂದೇ. ಆ ವೇದಿಕೆ ಅವರದಾಗಿಯೇ ಉಳಿಯಬೇಕು, ಅಲ್ಲಿ ಅವರಿಗೆ ಸಿಗುವ ತೀರ್ಪು ನೆಟ್ಟಗಿರಬೇಕು. ಬಾಕ್ಸಿಂಗ್ ಆಡಳಿತದ ಮೊದಲ ಕೆಲಸ ಈ ಎರಡೇ. ಉಳಿದ ಸುಧಾರಣೆಗಳು ಆಮೇಲಿನ ಮಾತು.