ಪ್ಲೇನ್.ಬಿಎಸ್‌ಟಿಗೆ ತೇಪೆ ಹಾಕುವವರಿಗೆ

ಲೇಟೆಕ್‌ನಲ್ಲಿ ಪಿಎಚ್‌ಡಿ ಪ್ರಬಂಧ ಸಿದ್ಧಪಡಿಸುತ್ತಿರುವವರನ್ನು ‘ಗ್ರಂಥಸೂಚಿಗೆ ಯಾವ ಸ್ಟೈಲ್ ಹಾಕಿದ್ದೀರಿ?’ ಎಂದು ಕೇಳಿ ನೋಡಿ. ಬಹಳ ಮಂದಿಯ ಉತ್ತರ ಒಂದೇ: ‘ಸೀನಿಯರ್ ಒಬ್ಬರು ಕೊಟ್ಟ ಫೈಲ್ ಇದೆ.’ ಆ ಸೀನಿಯರ್‌ಗೆ ಅವರ ಸೀನಿಯರ್ ಕೊಟ್ಟದ್ದು. ಯಾರು ತಿದ್ದಿದರು, ಯಾವ ನಿಯಮಾವಳಿ ನೋಡಿ ತಿದ್ದಿದರು, ಯಾವ ಸಾಲನ್ನು ಏಕೆ ಕಿತ್ತರು ಎಂಬುದು ಯಾರಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಬೇಕೆಂಬ ಕುತೂಹಲವೂ ಇಲ್ಲ. ‘ಕೆಲಸ ನಡೀತಿದೆಯಲ್ಲ ಸಾರ್’ ಎನ್ನುವ ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ಅಲ್ಪವಿರಾಮ ತಪ್ಪಿದ್ದಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಾಳೆ ವಾಪಸು ಮಾಡುವ ಗೈಡ್ ಕೂಡ ಆ ಫೈಲಿನ ಹುಟ್ಟನ್ನು ವಿಚಾರಿಸುವುದಿಲ್ಲ.

ತೆರೆದು ನೋಡಿದರೆ ಅದು ಓರೆನ್ ಪಟಾಶ್ನಿಕ್ ಮತ್ತು ಹೋವರ್ಡ್ ಟ್ರಿಕಿ ಅವರ ಹಕ್ಕುಸ್ವಾಮ್ಯವಿರುವ ಸ್ಟೈಲ್ ಕಡತ ‘ಪ್ಲೇನ್.ಬಿಎಸ್‌ಟಿ’, ಮೇಲೆ ನಾಲ್ಕು ತೇಪೆ. ಹೆಸರು ಮಾತ್ರ ಹಾಗೇ ಇದೆ. ಆ ಕಡತದ ಮೊದಲ ಕೆಲವು ಸಾಲುಗಳಲ್ಲೇ ಷರತ್ತು ಬರೆದಿದೆ: ತಿದ್ದಿ, ಹಂಚಿ, ಅಡ್ಡಿಯಿಲ್ಲ, ಆದರೆ ತಿದ್ದಿದ್ದಕ್ಕೆ ಬೇರೆ ಹೆಸರಿಡಿ. ಇಷ್ಟು ಉದಾರ ಷರತ್ತನ್ನೂ ಪಾಲಿಸದವರು ತಮ್ಮ ಲೇಖನದಿಂದ ಯಾರೋ ಒಂದು ಪ್ಯಾರಾ ಎತ್ತಿಕೊಂಡರೆ ಕೃತಿಚೌರ್ಯವೆಂದು ಬೊಬ್ಬೆ ಹೊಡೆಯುತ್ತಾರೆ. ಷರತ್ತಿನ ಹಿಂದೆ ವ್ಯಾವಹಾರಿಕ ಕಾರಣವೂ ಇದೆ. ಗ್ರಂಥಸೂಚಿ ಜೋಡಿಸುವ ಬಿಬ್‌ಟೆಕ್ ಸ್ಟೈಲ್ ಕಡತವನ್ನು ಮೊದಲು ಹುಡುಕುವುದು ನೀವು ಕೆಲಸ ಮಾಡುತ್ತಿರುವ ಫೋಲ್ಡರಿನಲ್ಲಿ. ಅಲ್ಲಿ ತಿದ್ದಿದ ‘ಪ್ಲೇನ್’ ಇದ್ದರೆ ನಿಜವಾದ ‘ಪ್ಲೇನ್’ ಮರೆಯಾಗುತ್ತದೆ. ಅದೇ ಪ್ರಬಂಧವನ್ನು ಬೇರೆ ಕಂಪ್ಯೂಟರಿನಲ್ಲಿ ಆ ಫೈಲ್ ಇಲ್ಲದೆ ಓಡಿಸಿ: ಒಂದೂ ದೋಷ ತೋರಿಸದೆ, ಗ್ರಂಥಸೂಚಿ ಇನ್ನೊಂದು ರೂಪದಲ್ಲಿ ಹೊರಬರುತ್ತದೆ. ಬೇರೆ ಹೆಸರಿಟ್ಟಿದ್ದರೆ ಫೈಲ್ ಸಿಗಲಿಲ್ಲ ಎಂಬ ದೂರಾದರೂ ಬರುತ್ತಿತ್ತು.

ಬಿಎಸ್‌ಟಿ ಬರೆಯುವ ಭಾಷೆ ಸುಲಭದ್ದಲ್ಲ, ಒಪ್ಪುತ್ತೇನೆ. ಎಲ್ಲವೂ ಸ್ಟ್ಯಾಕ್ ಮೇಲೆ, ಕ್ರಿಯೆ ಕೊನೆಯಲ್ಲಿ, ಬಳಸುವ ಮೊದಲೇ ಫಂಕ್ಷನ್ ಬರೆದಿರಬೇಕು. ಈ ಕಷ್ಟ ಬೇಡವೆಂದೇ ಪ್ಯಾಟ್ರಿಕ್ ಡಾಲಿ ‘ಮೇಕ್‌ಬಿಎಸ್‌ಟಿ’ ಮಾಡಿಕೊಟ್ಟರು. ಲೇಖಕರ ಹೆಸರು ಹಿಂದುಮುಂದಾಗಬೇಕೇ, ವರ್ಷ ಆವರಣದಲ್ಲಿರಬೇಕೇ, ಸಂಪುಟದ ಸಂಖ್ಯೆ ದಪ್ಪಕ್ಷರದಲ್ಲಿರಬೇಕೇ ಎಂದು ಅದು ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ನಿಮ್ಮ ಉತ್ತರಗಳನ್ನು ಡಿಬಿಜೆ ಎಂಬ ಕಡತದಲ್ಲಿ ದಾಖಲಿಸಿ, ಅದರಿಂದ ಬಿಎಸ್‌ಟಿ ತೆಗೆಯುತ್ತದೆ. ನಮ್ಮವರು ಮಾಡುವುದೇನು? ಡಿಬಿಜೆಯನ್ನು ಕಸವೆಂದು ಅಳಿಸಿ, ಹೊರಬಂದ ಬಿಎಸ್‌ಟಿಯನ್ನು ಕೈಯಲ್ಲಿ ತಿದ್ದುತ್ತಾರೆ. ಮನೆ ಎದ್ದಿತೆಂದು ನಕ್ಷೆ ಹರಿದುಹಾಕಿದ ಹಾಗೆ. ಮುಂದಿನ ವರ್ಷ ವಿಶ್ವವಿದ್ಯಾಲಯ ಒಂದು ನಿಯಮ ಬದಲಿಸಿದರೆ ಮತ್ತೆ ಸಾವಿರಾರು ಸಾಲುಗಳ ಕಾಡಿನಲ್ಲಿ ಅಲೆದಾಟ.

ಪರೀಕ್ಷೆ ಮಾಡುವ ಅಭ್ಯಾಸವಂತೂ ಇಲ್ಲವೇ ಇಲ್ಲ. ತಮ್ಮ ಪಟ್ಟಿಯಲ್ಲಿರುವ ಲೇಖನ, ಪುಸ್ತಕಗಳು ಸರಿಯಾಗಿ ಬಂದರೆ ಸ್ಟೈಲ್ ಸಿದ್ಧ! ಸಮ್ಮೇಳನದ ನಡಾವಳಿ, ಅಪ್ರಕಟಿತ ಪ್ರಬಂಧ, ಲೇಖಕರಿಲ್ಲದೆ ಸಂಪಾದಕರಷ್ಟೇ ಇರುವ ಗ್ರಂಥ ಬಂದರೆ ಏನಾಗುತ್ತದೋ ದೇವರೇ ಬಲ್ಲ. ಬಿಬ್‌ಟೆಕ್ ಜೊತೆಗೇ ‘ಎಕ್ಸ್‌ಆಂಪಲ್.ಬಿಬ್’ ಎಂಬ ಕಡತ ಬರುತ್ತದೆ. ಪ್ರತಿಯೊಂದು ಬಗೆಯ ಆಕರಕ್ಕೂ ತುಂಬಿದ ನಮೂದು ಒಂದು, ಕನಿಷ್ಠ ವಿವರದ್ದು ಇನ್ನೊಂದು. ಅದನ್ನು ಒಮ್ಮೆ ಓಡಿಸಲು ಬೇಕಾದದ್ದು ಒಂದು ಸಾಲು. ಓಡಿಸಿದರೂ ಬಿಎಲ್‌ಜಿ ಕಡತದಲ್ಲಿ ಬರುವ ಎಚ್ಚರಿಕೆಗಳನ್ನು ಓದುವವರು ಯಾರು? ದೋಷ ಕಂಡರೂ ತಿದ್ದುವ ರೀತಿ ತಪ್ಪು. ಶೀರ್ಷಿಕೆಯಲ್ಲಿ ರೋಮನ್ ಲಿಪಿಯ ‘ಕನ್ನಡ’, ‘ಡಿಎನ್‌ಎ’ಗಳು ಸಣ್ಣಕ್ಷರಕ್ಕೆ ಇಳಿದರೆ, ಆ ಪದವೊಂದನ್ನೇ ಪುಷ್ಪಾವರಣದಲ್ಲಿಟ್ಟರೆ ಸಾಕು. ಅದರ ಬದಲು ಇಡೀ ಶೀರ್ಷಿಕೆಗೆ ಜೋಡಿ ಆವರಣ ಹಾಕಿ, ಸ್ಟೈಲಿನ ಕೈಕಟ್ಟಿ ಕೂರಿಸುತ್ತಾರೆ.

ಇನ್ನು ಹೆಸರುಗಳ ವಿಷಯ. ಇಲ್ಲಿ ನನ್ನ ತಾಳ್ಮೆ ಕೆಡುತ್ತದೆ. ಬಿಬ್‌ಟೆಕ್ ಹೆಸರಿನ ಕೊನೆಯ ಪದವನ್ನು ಕುಲನಾಮವೆಂದು ನಂಬುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂದು ಕೊಟ್ಟು ‘ಅಬ್ರೆವ್’ ಸ್ಟೈಲ್ ಹಾಕಿ, ಎಂ. ವಿ. ಅಯ್ಯಂಗಾರ್ ಆಗಿ, ಅಯ್ಯಂಗಾರರ ಸಾಲಿಗೆ ಹೋಗಿ ನಿಲ್ಲುತ್ತಾರೆ. ಓದುಗ ಹುಡುಕುವುದು ಮಾಸ್ತಿಯನ್ನು; ಊರಿನ ಹೆಸರು ಒಂದಕ್ಷರಕ್ಕೆ ಕುಗ್ಗಿಹೋಗಿದೆ. ಇಡೀ ಹೆಸರನ್ನು ಒಂದು ಆವರಣದಲ್ಲಿಟ್ಟರೆ ಅದು ಒಡೆಯುವುದಿಲ್ಲ, ‘ಮ’ಕಾರದಲ್ಲೇ ಸಿಗುತ್ತದೆ. ಕರ್ನಾಟಕದಲ್ಲಿ ಕೂತು ಕನ್ನಡ ಲೇಖಕರನ್ನು ಉಲ್ಲೇಖಿಸುವವರಿಗೇ ಈ ಎಚ್ಚರವಿಲ್ಲದಿದ್ದರೆ ಬೇರೆ ಯಾರಿಗೆ ಬರಬೇಕು?

ಕನ್ನಡ ಲಿಪಿಗೆ ಬಂದರೆ ಇನ್ನೂ ಕೆಟ್ಟದು. ಹಳೆಯ ಬಿಬ್‌ಟೆಕ್ ಎಣಿಸುವುದು ಬೈಟುಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ‘ಶ್ರೀ’ ಎಂದರೆ 4 ಸಂಕೇತ, 12 ಬೈಟು. ಹೆಸರಿನ ಮೊದಲಕ್ಷರ ಕೊಡು ಎಂದರೆ ಅದು ಮೂರರಲ್ಲಿ ಒಂದು ಬೈಟನ್ನು ಕತ್ತರಿಸಿಕೊಡುತ್ತದೆ. ಪುಟದಲ್ಲಿ ಅಕ್ಷರದ ಬದಲು ಕಸ. ‘ಆಲ್ಫಾ’ ಸ್ಟೈಲ್ ಹೆಸರಿನ ಮೊದಲ ಮೂರಕ್ಷರ ಬೇಡುತ್ತದೆ. ಮೂರು ಬೈಟಿಗೆ ಸಿಗುವುದು ಒಂದೇ ಸಂಕೇತ, ಅದೂ ಸ್ವರಚಿಹ್ನೆ ಕಳಚಿದ್ದು. ಹೀಗಾಗಿ ಕುವೆಂಪು, ಕಾರಂತ, ಕೈಲಾಸಂ ಮೂವರೂ ಬರೀ ‘ಕ’. ಇದನ್ನು ನೋಡಿ ‘ಲೇಟೆಕ್‌ನಲ್ಲಿ ಕನ್ನಡ ಆಗಲ್ಲ’ ಎಂದು ತೀರ್ಪು ಕೊಡುವವರು ಬಿಬ್‌ಟೆಕ್‌ಗೆ ಪರ್ಯಾಯವಾದ ಬಿಬ್‌ಲೇಟೆಕ್ ಮತ್ತು ಬೀಬರ್ ಕಡೆ ಕಣ್ಣೆತ್ತಿಯೂ ನೋಡಿರುವುದಿಲ್ಲ. ಬೀಬರ್ ಯುನಿಕೋಡ್ ಬಲ್ಲದು; ಕುಲನಾಮ ಯಾವುದು, ಸ್ವಂತ ಹೆಸರು ಯಾವುದು ಎಂದು ಬಿಡಿಸಿ ಹೇಳಿದರೆ ಕೇಳುತ್ತದೆ. ಪಟಾಶ್ನಿಕ್ ಬಿಬ್‌ಟೆಕ್ ಅನ್ನು 0.99ಕ್ಕೆ ನಿಲ್ಲಿಸಿ ದಶಕಗಳಾದವು. ನಾವೂ ಅಲ್ಲೇ ನಿಲ್ಲಬೇಕೆಂದು ಯಾರೂ ಆಜ್ಞೆ ಹೊರಡಿಸಿಲ್ಲ.

ಕೊನೆಗೆ, ಫೋಲ್ಡರನ್ನು ಜಿಪ್ ಮಾಡಿ ಗುಂಪಿಗೆ ತಳ್ಳುವುದಕ್ಕೆ ‘ಪ್ಯಾಕೇಜ್ ಮಾಡಿದೆ’ ಎನ್ನುವ ಜಂಬ. ಪ್ಯಾಕೇಜಿಗೆ ಬೇರೆಯವರದ್ದಲ್ಲದ ಹೆಸರು ಬೇಕು, ತಾರೀಖು ಮತ್ತು ಆವೃತ್ತಿ ಬೇಕು, ಪರವಾನಗಿ ಬೇಕು, ರೀಡ್‌ಮೀ ಬೇಕು, ಬಳಸುವ ಬಗೆ ತಿಳಿಸುವ ಪಿಡಿಎಫ್ ಬೇಕು. ಕೋಡೂ ವಿವರಣೆಯೂ ಒಂದೇ ಡಿಟಿಎಕ್ಸ್ ಕಡತದಲ್ಲಿದ್ದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಕಡಿಮೆಯಾಗುತ್ತದೆ. ಇದಕ್ಕೆಲ್ಲ ನೆರವಾಗಲು ಲೇಟೆಕ್ ತಂಡದವರೇ ಮಾಡಿದ ‘ಎಲ್3ಬಿಲ್ಡ್’ ಇದೆ. ನೀವು ಒಪ್ಪಿದ ಫಲಿತಾಂಶವನ್ನು ಕಾದಿಟ್ಟುಕೊಂಡು, ಪ್ರತಿ ತಿದ್ದುಪಡಿಯ ನಂತರ ಹೋಲಿಸಿ ಹೇಳುತ್ತದೆ. ಟೆಕ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಸಿಟಾನ್‌ಗೆ ಕಳಿಸಬೇಕಾದ ಕಟ್ಟನ್ನೂ ಕಟ್ಟಿಕೊಡುತ್ತದೆ. ಸಿಟಾನ್‌ಗೆ ಕಾಸು ಕೊಡಬೇಕಿಲ್ಲ. ಅಲ್ಲಿ ಕಡತಗಳನ್ನು ಪರಿಶೀಲಿಸುವವರು ಸ್ವಯಂಸೇವಕರು. ಅಲ್ಲಿಂದ ಟೆಕ್ ಲೈವ್ ವಿತರಣೆಗೆ ಸೇರಿದರೆ, ನೀವು ಸರಿಪಡಿಸಿದ ಒಂದು ಅಲ್ಪವಿರಾಮ ಮುಂದಿನ ಅಪ್‌ಡೇಟಿನಲ್ಲಿ ಎಲ್ಲ ಬಳಕೆದಾರರಿಗೂ ತಲುಪುತ್ತದೆ. ಪಕ್ಕದ ತಿರುವನಂತಪುರ ಟೆಕ್ ಬಳಕೆದಾರರ ಅಂತಾರಾಷ್ಟ್ರೀಯ ಸಮ್ಮೇಳನವನ್ನು 2002ರಲ್ಲೂ 2011ರಲ್ಲೂ ನಡೆಸಿತು. ಸಾಫ್ಟ್‌ವೇರಿನ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ನಾವು ಒಂದು ಬಿಎಸ್‌ಟಿಗೆ ಹೆಸರಿಡಲು ಮೀನಮೇಷ ಎಣಿಸುತ್ತೇವೆ.

‘ಒಂದು ವಿಭಾಗದ ಫೈಲಿಗೆ ಇಷ್ಟೆಲ್ಲ ಯಾಕೆ?’ ಎನ್ನುವವರಿಗೆ: ಸಿಟಾನ್ ಬೇಡ, ಬಿಡಿ. ವಿಭಾಗದ ಕಂಪ್ಯೂಟರುಗಳ ಸ್ಥಳೀಯ ಟೆಕ್ಸ್‌ಎಂಎಫ್ ಮರದಲ್ಲಿ ಬಿಎಸ್‌ಟಿಗೆ ಅಂತಲೇ ಇರುವ ಜಾಗದಲ್ಲಿ ಒಂದು ಪ್ರತಿ ಇಡಿ. ಡಿಬಿಜೆಯನ್ನು ಜೊತೆಗಿಡಿ. ಯಾವ ವರ್ಷದ ನಿಯಮಾವಳಿಗೆ ಮಾಡಿದ್ದು, ದೋಷ ಕಂಡರೆ ಯಾರಿಗೆ ತಿಳಿಸಬೇಕು ಎಂದು ರೀಡ್‌ಮೀಯಲ್ಲಿ ಎರಡು ಸಾಲು ಬರೆಯಿರಿ. ಗೈಡ್‌ಗಳು ಸಿನಾಪ್ಸಿಸ್‌ಗೆ ಸಹಿ ಹಾಕುವ ಮೊದಲು ಆ ಎರಡು ಸಾಲು ತೋರಿಸಲು ಹೇಳಲಿ.