ಅಂಗಡಿಗೊಂದು ಜಗಲಿ



ಶರಾವತಿಯ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕಟ್ಟಿದ 2.44 ಕಿಲೋಮೀಟರ್ ಉದ್ದದ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಬ್ಯಾಕೋಡು, ತುಮರಿ ಸೀಮೆಯ ಜನಜೀವನವು ಹೊಸದೊಂದು ಹಾದಿಗೆ ಹೊರಳಿದೆ. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದು ನಿಲ್ಲಬೇಕಾಗಿದ್ದ ಸರಕು ಈಗ ನೇರವಾಗಿ ಸಾಗರ ಪೇಟೆಯನ್ನು ಸೇರಬಲ್ಲುದು. ಅಪ್ಪೆಮಿಡಿಯ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಜೇನುತುಪ್ಪ ಇವುಗಳನ್ನು ಅಂತರ್ಜಾಲದ ಮಳಿಗೆಯ ಮೂಲಕ ದೂರದ ಊರುಗಳಿಗೆ ಕಳುಹಿಸೋಣವೆಂಬ ಆಲೋಚನೆಯು ಇಲ್ಲಿನ ಮನೆಗಳಲ್ಲಿ ಹುಟ್ಟುವುದು ಸಹಜವೇ ಆಗಿದೆ. ಹಾಗೆ ಹೊರಟವರ ಮುಂದೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಮಾರುವ ಪದಾರ್ಥದ ಕುರಿತು ನಾಲ್ಕು ಮಾತು ಬರೆಯಲು ಯಾವ ಬ್ಲಾಗು ವೇದಿಕೆಯನ್ನು ಆರಿಸಿಕೊಳ್ಳಬೇಕು?

ಅಂಗಡಿಗೆ ಬರವಣಿಗೆಯೇಕೆ ಎಂದು ಹಿರಿಯರು ಕೇಳಬಹುದು. ಪೇಟೆಯ ಅಂಗಡಿಯಲ್ಲಿ ಗಿರಾಕಿಯು ಮೂಸಿ, ರುಚಿ ನೋಡಿ, ಮಾತನಾಡಿಸಿ ಕೊಳ್ಳುತ್ತಾನೆ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಕುಳಿತವನಿಗೆ ಆ ಅನುಕೂಲವಿಲ್ಲ. ಮಿಡಿಯು ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಕೊಯ್ಯುವುದು, ತೊಟ್ಟನ್ನೂ ಸೊನೆಯನ್ನೂ ಕಾಪಾಡುವುದು, ಸುಕ್ಕುಗಟ್ಟುವವರೆಗೆ ಉಪ್ಪಿನಲ್ಲಿಡುವುದು, ಆಮೇಲೆ ಸಾಸಿವೆ, ಮೆಣಸಿನ ಖಾರ ಕೂಡಿಸುವುದು, ಇವೆಲ್ಲವನ್ನೂ ಮನೆಯ ಅಜ್ಜಿ ಬಲ್ಲಳು. ಆಕೆಯ ತಿಳಿವಳಿಕೆಯನ್ನು ಬರೆದಿಟ್ಟರೆ ಗಿರಾಕಿಗೆ ನಂಬಿಕೆ ಹುಟ್ಟುತ್ತದೆ. ಮನೆಯ ಮಕ್ಕಳಿಗೂ ಅದು ಉಳಿಯುತ್ತದೆ. ಮಲೆನಾಡಿನ ಮನೆಗೆ ಜಗಲಿ ಇದ್ದಂತೆ ಅಂಗಡಿಗೆ ಈ ಬರವಣಿಗೆ. ಬಂದವರು ಮೊದಲು ಕುಳಿತು ಮಾತನಾಡುವುದು ಅಲ್ಲಿಯೇ.

ನಮ್ಮ ಸಾಗರ ತಾಲ್ಲೂಕಿನಲ್ಲಿಯೇ ಇದಕ್ಕೆ ನಿದರ್ಶನವುಂಟು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘವು ಕೈಮಗ್ಗದ ಬಟ್ಟೆಯನ್ನು ನೇಯಿಸಿ, ನೈಸರ್ಗಿಕ ಬಣ್ಣ ಹಾಕಿಸಿ, ‘ದೇಸಿ’ ಎಂಬ ಹೆಸರಿನ ಮಳಿಗೆಗಳ ಮೂಲಕ ನಗರದವರಿಗೆ ತಲುಪಿಸಿತು. ಕೊಂಡವರು ಅದನ್ನು ಬರಿಯ ಬಟ್ಟೆಯೆಂದು ಕೊಳ್ಳಲಿಲ್ಲ. ಅದರ ಹಿಂದಿದ್ದ ಹಳ್ಳಿಯ ಹೆಣ್ಣುಮಕ್ಕಳ ದುಡಿಮೆಯನ್ನೂ ತಿಳಿದು ಕೊಂಡರು.

ಈಗ ವೇದಿಕೆಗಳ ವಿಚಾರ. ಗೂಗಲ್ ಸಂಸ್ಥೆಯು 2003ರಲ್ಲಿ ಕೊಂಡುಕೊಂಡ ಬ್ಲಾಗರ್ ಉಚಿತವಾದುದು, ಕಲಿಯಲು ಸುಲಭ. ಆದರೆ ಅದರೊಳಗೆ ಹಣ ಪಡೆದು ಲೆಕ್ಕವಿಡುವ ಅಂಗಡಿಯ ಏರ್ಪಾಡಿಲ್ಲ. ಕೆನಡಾದಲ್ಲಿ ಹಿಮಜಾರು ಹಲಗೆಗಳನ್ನು ಮಾರುತ್ತಿದ್ದ ಯುವಕರು ತಮ್ಮ ಅಂಗಡಿಗೆಂದೇ ಸಿದ್ಧಪಡಿಸಿದ ತಂತ್ರಾಂಶದಿಂದ 2006ರಲ್ಲಿ ಶಾಪಿಫೈ ಹುಟ್ಟಿತು. ಅದರಲ್ಲಿ ಅಂಗಡಿಯೂ ಬ್ಲಾಗೂ ಒಂದೇ ಸೂರಿನಡಿ ಇವೆ, ನಿರ್ವಹಣೆಯ ತೊಡಕು ಕಡಿಮೆ. ಆದರೆ ತಿಂಗಳು ತಿಂಗಳೂ ಶುಲ್ಕ ತೆರಬೇಕು, ಬರವಣಿಗೆಯ ಸೌಕರ್ಯವೂ ಮಿತವಾದುದು. ಮೂರನೆಯದು 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್. ಇದರ ಮೂಲ ತಂತ್ರಾಂಶವು ಎಲ್ಲರಿಗೂ ಮುಕ್ತ. 2011ರಲ್ಲಿ ಬಂದ ವೂಕಾಮರ್ಸ್ ಎಂಬ ಜೋಡಣೆಯನ್ನು ಅದಕ್ಕೆ ಸೇರಿಸಿದರೆ ಬ್ಲಾಗೇ ಅಂಗಡಿಯೂ ಆಗುತ್ತದೆ. ಆದರೆ ಸರ್ವರಿನ ಬಾಡಿಗೆ, ಕಾಲಕಾಲಕ್ಕೆ ನವೀಕರಣ, ಭದ್ರತೆ ಇವುಗಳ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಬರೆದರೆ ಸಾಲದೇ ಎಂದು ಎಳೆಯರು ಕೇಳುತ್ತಾರೆ. ಜನರನ್ನು ಕರೆತರಲು ಅವು ಒಳ್ಳೆಯವೇ. ಆದರೆ ಶರಾವತಿ ತೀರದವರಿಗೆ ಒಂದು ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎಷ್ಟು ಮನೆ, ತೋಟ, ಗದ್ದೆಗಳು ನೀರಿನ ಪಾಲಾದವೆಂಬುದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಬೇರೆಲ್ಲಿಯೋ ಕುಳಿತವರ ತೀರ್ಮಾನದಿಂದ ನಮ್ಮ ನೆಲೆ ತಪ್ಪುವುದೆಂದರೇನೆಂದು ಅವರು ಬಲ್ಲರು. ಆ ನೋವಿಗೆ ಇದು ಸಮನಲ್ಲ. ಆದರೂ ಅಂತರ್ಜಾಲದಲ್ಲಿಯೂ ಮುಳುಗಡೆಯುಂಟು. ಯಾಹೂ ಸಂಸ್ಥೆಯು ಜಿಯೋಸಿಟೀಸನ್ನು 2009ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಅಲ್ಲಿ ಬರೆದು, ಪ್ರತಿಯನ್ನು ಬೇರೆ ಇಟ್ಟುಕೊಳ್ಳದವರ ಬರಹಗಳು ಹೋದವು.

ಆದುದರಿಂದ ವೇದಿಕೆ ಯಾವುದೇ ಆಗಲಿ, ಮೂರು ಸಂಗತಿಗಳನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಮೊದಲನೆಯದು, ಜಾಲತಾಣದ ವಿಳಾಸವು ಅಂಗಡಿಯ ಯಜಮಾನ ಅಥವಾ ಯಜಮಾನಿಯ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಕಟ್ಟಿಕೊಟ್ಟ ಹುಡುಗನ ಹೆಸರಿನಲ್ಲಲ್ಲ. ನಾಳೆ ಆತ ಕೆಲಸಕ್ಕೆಂದು ಪರಊರಿಗೆ ಹೋದರೆ ಬೀಗದ ಕೈ ಆತನೊಡನೆಯೇ ಹೋದಂತಾಗುತ್ತದೆ. ಎರಡನೆಯದು, ಬರೆದುದನ್ನೆಲ್ಲ ಒಟ್ಟಾಗಿ ಹೊರತೆಗೆದುಕೊಳ್ಳುವ ದಾರಿ ಇರಬೇಕು. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲಿಯೂ ಇದು ಇದೆ. ತಿಂಗಳಿಗೊಮ್ಮೆಯಾದರೂ ಪ್ರತಿ ತೆಗೆದಿಡುವುದು ಲೇಸು. ಮೂರನೆಯದು, ಬ್ಲಾಗು ಮತ್ತು ಅಂಗಡಿ ಒಂದೇ ವಿಳಾಸದಲ್ಲಿರಬೇಕು. ಓದಿ ಮೆಚ್ಚಿದವನು ಕೊಳ್ಳಲು ಬೇರೊಂದು ಬಾಗಿಲನ್ನು ಹುಡುಕುವಂತಾಗಬಾರದು.

ಇನ್ನು ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ಏರಿಸಿದರೆ ಅದು ಓದಲಾಗದ ಚಿಹ್ನೆಗಳಾಗಿ ಕಾಣುತ್ತದೆ. ‘ಅಪ್ಪೆಮಿಡಿ’ ಎಂದು ಹುಡುಕಿದವನಿಗೆ ನಮ್ಮ ಪುಟ ಸಿಗುವುದಿಲ್ಲ. ಸಂಪರ್ಕ ಕ್ಷೀಣವಾಗಿರುವ ಹಳ್ಳಿಗಳಲ್ಲಿ ಲೇಖನವನ್ನು ಮೊದಲು ಫೋನಿನಲ್ಲಿಯೇ ಬರೆದಿಟ್ಟುಕೊಂಡು, ಚಿತ್ರಗಳ ಗಾತ್ರವನ್ನು ತಗ್ಗಿಸಿ, ಸಿಗ್ನಲ್ ದೊರೆತಾಗ ಏರಿಸುವುದು ಒಳಿತು. ಕಾಯಿದೆಯನ್ನೂ ಮರೆಯಬಾರದು. 2020ರ ಇ-ವಾಣಿಜ್ಯ ನಿಯಮಗಳು ಮಾರುವವನ ಹೆಸರು, ವಿಳಾಸ, ಒಟ್ಟು ಬೆಲೆ, ಹಿಂದಿರುಗಿಸುವ ಷರತ್ತು ಇವುಗಳನ್ನು ಸ್ಪಷ್ಟವಾಗಿ ತಿಳಿಸಬೇಕೆನ್ನುತ್ತವೆ. ತಿನಿಸು ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಅವಶ್ಯಕ.

ಹಾಗಾದರೆ ಯಾವುದನ್ನು ಆರಿಸಬೇಕು? ವರ್ಷಕ್ಕೆ ಬೆರಳೆಣಿಕೆಯ ಭರಣಿಗಳನ್ನು ಮಾರುವ ಮನೆಗೆ ಬ್ಲಾಗರ್ ಮತ್ತು ಒಂದು ದೂರವಾಣಿ ಸಂಖ್ಯೆ ಸಾಕು. ತಾಂತ್ರಿಕ ಕೆಲಸವನ್ನು ನಿಷ್ಠೆಯಿಂದ ನೋಡಿಕೊಳ್ಳುವವರು ಮನೆಯಲ್ಲಿಯೇ ಇದ್ದರೆ ವರ್ಡ್‌ಪ್ರೆಸ್ ಲೇಸು. ವ್ಯಾಪಾರ ಬೆಳೆದಿದ್ದು, ನೋಡಿಕೊಳ್ಳುವವರು ಇಲ್ಲದಿದ್ದರೆ ಶುಲ್ಕ ತೆತ್ತಾದರೂ ಶಾಪಿಫೈಯಂತಹುದನ್ನು ಹಿಡಿಯಬಹುದು. ಒಂದೊಂದು ಮನೆಗೂ ಇದು ಭಾರವೆನಿಸಿದರೆ ಊರಿನ ಸ್ವಸಹಾಯ ಸಂಘದ ಹತ್ತು ಮನೆಗಳು ಸೇರಿ ಒಂದೇ ತಾಣವನ್ನು ನಡೆಸುವುದು ಇನ್ನೂ ಉತ್ತಮ.

ಎಲ್ಲಕ್ಕೂ ಮಿಗಿಲಾದುದು ಬರೆಯುವ ಮಾತಿನ ಸತ್ಯ. ಕಳೆದ ವರ್ಷದ ಮಿಡಿಯನ್ನು ಈ ವರ್ಷದ್ದೆಂದು ಬರೆದರೆ ಯಾವ ವೇದಿಕೆಯೂ ಆ ಅಂಗಡಿಯನ್ನು ಉಳಿಸಲಾರದು. ಈ ಬಾರಿ ಮಿಡಿ ಕಡಿಮೆ ಬಿಟ್ಟಿದೆ, ಆದುದರಿಂದ ಬೆಲೆ ಹೆಚ್ಚಾಗಿದೆ ಎಂದು ಇದ್ದುದನ್ನು ಇದ್ದಂತೆ ಬರೆದವರಿಗೆ ಗಿರಾಕಿಯು ಮರುವರ್ಷವೂ ದೊರೆಯುತ್ತಾನೆ. ಇಂದೇ ಅಜ್ಜಿಯ ಬಳಿ ಕುಳಿತು ಮೊದಲ ಪುಟವನ್ನು ಬರೆದುಕೊಳ್ಳಿರಿ. ವೇದಿಕೆಯನ್ನು ನಾಳೆ ಆರಿಸಿದರೂ ನಡೆಯುತ್ತದೆ.